ಹಣೆಯ ಬಾವು ಇಳಿದಿದೆ, ಇನ್ನೂ ಸ್ಕ್ಯಾನ್ ಬೇಕೇ?

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರ. ನಾವು ಗದಗ ಜಿಲ್ಲಾ ರೋಣ ತಾಲೂಕಿನವ್ರು. ನನ್ನ ಮಗಗ 15 ವರ್ಷ, ಎಸ್ಸೆಸ್ಸೆಲ್ಸಿ ಓದಾಕತ್ತಾನ. ಮೂರು ವಾರದ ಹಿಂದ ನೆಗಡಿ ಆತು. ಔಷಧ ಅಂಗಡ್ಯಾಗ ಮೂರು ದಿನದ ಗುಳಿಗಿ ಕೊಟ್ರು, ಕಡಿಮಿ ಆತು. ಒಂದು ವಾರ ಬಿಟ್ಟು ಹಣಿ ಕಡೆ ತಲಿನೋವು, ಸಂಜಿಗೆ ಜ್ವರ ಚಾಲೂ ಆತು. ನಾಲ್ಕು ದಿನದ ಹಿಂದ ಹಣಿ ನಡುವ ಮೆತ್ತಗ ಬಾವು ಬಂತು. ಊರಾಗಿನ ಡಾಕ್ಟ್ರು ಎರಡು ದಿನ ಸೂಜಿ ಮಾಡಿದ್ರು. ಬಾವು ಇಳದೈತಿ, ಜ್ವರಾನೂ ಇಲ್ಲ. ಆದ್ರ ತಲಿನೋವು ಹೋಗಿಲ್ಲ, ಇವತ್ತ ಮುಂಜಾನೆ ಒಮ್ಮೆ ವಾಂತಿ ಆತು, ಭಾಳ ಮಲಗತಾನ. ಸೈನಸ್ ಮಿದುಳಿಗೆ ಏರತೈತಿ ಅಂತಾರ, ಖರೇ ಏನ್ರಿ? ಸ್ಕ್ಯಾನ್ ಮಾಡಿಸಬೇಕೋ, ಪರೀಕ್ಷಾ ಮುಗಿಯೂತನಕ ತಡೀಬಹುದೋ?

ಉತ್ತರ: ತಡೆಯಬೇಡಿ. ಇವತ್ತೇ ಹೊರಡಿ, ನಾಳೆ ಬೆಳಗಿನ ಬಸ್ಸಿಗಲ್ಲ. ನೆಗಡಿಯ ಬೆನ್ನಿಗೆ ಹಣೆಯ ಮೇಲೆ ಮೆತ್ತನೆಯ ಬಾವು, ಬಿಡದ ತಲೆನೋವು, ವಾಂತಿ, ಮಂಪರು ಇಷ್ಟೂ ಒಬ್ಬ ಹುಡುಗನಲ್ಲಿ ಸೇರಿದಾಗ ಕೀವು ತಲೆಬುರುಡೆಯ ಒಳಗೆ ಇಳಿದಿರಬಹುದು ಎಂದೇ ಹಿಡಿದು ನಡೆಯಬೇಕು. ಇಳಿದಿಲ್ಲ ಅನ್ನುವುದನ್ನು ಸ್ಕ್ಯಾನ್ ಹೇಳಲಿ, ನಾವು ಊಹಿಸುವುದು ಬೇಡ.

ಇಎನ್‌ಟಿ ವೈದ್ಯರು, ಮಿದುಳಿನ ಶಸ್ತ್ರವೈದ್ಯರು, ಎಂಆರ್‌ಐ ಯಂತ್ರ ಮೂರೂ ಒಂದೇ ಸೂರಿನಡಿ ಇರುವ ಆಸ್ಪತ್ರೆಗೆ ಹೋಗಿ. ನಿಮ್ಮ ಭಾಗದವರಿಗೆ ಅದು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಅಥವಾ ಧಾರವಾಡ ಸತ್ತೂರಿನ ಎಸ್‌ಡಿಎಂ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ದಾರಿಯಲ್ಲಿ ಫಿಟ್ಸ್ ಬಂದರೆ ಅಥವಾ ಕೂಗಿ ಅಲುಗಾಡಿಸಿದರೂ ಏಳದಿದ್ದರೆ ಮಾತ್ರ ಹುಬ್ಬಳ್ಳಿಯ ಹಟ ಬಿಡಿ. ಗದಗಿನ ಜಿಮ್ಸ್ ಆಸ್ಪತ್ರೆಯಲ್ಲೇ ಇಳಿಸಿ ಉಸಿರು, ಫಿಟ್ಸ್ ಹತೋಟಿಗೆ ಬಂದ ಮೇಲೆ 108ರಲ್ಲಿ ಮುಂದೆ ಸಾಗಿಸಬೇಕು. ಮಂಪರಿನಲ್ಲಿರುವ ಹುಡುಗನನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು, ಚಹಾ, ಗುಳಿಗೆ ಏನೂ ಹಾಕಬೇಡಿ. ವಾಂತಿ ಶ್ವಾಸಕ್ಕೆ ಹೋಗುವ ಭಯ ಒಂದು, ರಾತ್ರಿಯೇ ಆಪರೇಷನ್ ಆಗಬಹುದು ಎಂಬುದು ಇನ್ನೊಂದು. ಅಂಗಡಿಯ ಗುಳಿಗೆಯ ಖಾಲಿ ಪಟ್ಟಿ, ಊರಿನ ವೈದ್ಯರು ಮಾಡಿದ ಸೂಜಿಗಳ ಹೆಸರು, ಮಾಡಿದ ಹೊತ್ತು ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ಅದಕ್ಕೊಂದು ಫೋನ್ ಸಾಕು, ಅದಕ್ಕಾಗಿ ಕಾಯುತ್ತ ಕೂರಬೇಡಿ.

ಈಗ ನಿಮ್ಮ ಪ್ರಶ್ನೆಗೆ. ಸೈನಸ್ ಮಿದುಳಿಗೆ ಏರುತ್ತದೆಯೇ? ಅಪರೂಪಕ್ಕೆ, ಆದರೆ ಖರೆ. ಮುಖದ ಎಲುಬಿನಲ್ಲಿ ನಾಲ್ಕು ಜೋಡಿ ಗಾಳಿಯ ಗೂಡುಗಳಿವೆ: ಕೆನ್ನೆಯಲ್ಲಿ ಒಂದು, ಮೂಗಿನ ಬುಡ ಮತ್ತು ಕಣ್ಣಿನ ನಡುವೆ ಒಂದು, ಹಣೆಯಲ್ಲಿ ಒಂದು, ಕಣ್ಣುಗಳ ಹಿಂದೆ ತಲೆಯ ನಡುಮಧ್ಯೆ ಒಂದು. ಇವೆಲ್ಲವೂ ಸಣ್ಣ ರಂಧ್ರಗಳ ಮೂಲಕ ಮೂಗಿಗೆ ತೆರೆದುಕೊಳ್ಳುತ್ತವೆ. ನೆಗಡಿಯಲ್ಲಿ ಒಳಪೊರೆ ಊದಿಕೊಂಡು ರಂಧ್ರ ಮುಚ್ಚುತ್ತದೆ, ಒಳಗಿನ ಲೋಳೆ ನಿಂತು ಕೆಡುತ್ತದೆ. ಹಣೆಯ ಗೂಡಿನ ಮುಂದಿನ ಗೋಡೆ ಗಟ್ಟಿ, ಹಿಂದಿನ ಗೋಡೆ ತೆಳು. ಆ ತೆಳು ಗೋಡೆಯ ಆಚೆಗೇ ಮಿದುಳಿನ ಹೊದಿಕೆ.

ಹೆಚ್ಚಿನ ರೋಗಿಗಳಲ್ಲಿ ಕೀವು ಗೋಡೆ ಕೊರೆದುಕೊಂಡು ಹೋಗುವುದಿಲ್ಲ. ಹಣೆಯ ಎಲುಬಿನೊಳಗೆ ಹರಡಿರುವ ಸಣ್ಣ ರಕ್ತನಾಳಗಳು ಸೈನಸ್ಸಿನ ಒಳಪೊರೆಯನ್ನೂ ಮಿದುಳಿನ ಹೊದಿಕೆಯನ್ನೂ ಜೋಡಿಸುತ್ತವೆ. ಇವುಗಳಲ್ಲಿ ಕವಾಟಗಳಿಲ್ಲ, ರಕ್ತ ಎರಡೂ ಕಡೆಗೆ ಹರಿಯಬಲ್ಲದು. ಸೋಂಕಿನಿಂದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಹಿಮ್ಮುಖವಾಗಿ ಬೆಳೆಯುತ್ತ ಒಳಗೆ ಹೋಗುತ್ತದೆ, ಜೊತೆಗೆ ರೋಗಾಣುವನ್ನೂ ಒಯ್ಯುತ್ತದೆ. ಹಾಗಾಗಿ ಸ್ಕ್ಯಾನಿನಲ್ಲಿ ಎಲುಬು ಇಡಿಯಾಗಿ ಕಂಡರೂ ಅದರ ಆಚೆ ಕೀವು ಇರಬಹುದು. ಎಲುಬು ಮುರಿದಿಲ್ಲ, ಚಿಂತೆ ಬೇಡ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಹರೆಯದ ಹುಡುಗರೇ ಇದಕ್ಕೆ ಹೆಚ್ಚು ತುತ್ತಾಗುತ್ತಾರೆ. ಹಣೆಯ ಸೈನಸ್ ಹುಟ್ಟುವಾಗ ಇರುವುದಿಲ್ಲ. ಆರೇಳು ವರ್ಷಕ್ಕೆ ಕಾಣಿಸಿಕೊಂಡು ಹದಿಹರೆಯದಲ್ಲಿ ರಭಸದಿಂದ ಬೆಳೆಯುತ್ತದೆ. ಎಲುಬಿನೊಳಗಿನ ಆ ನಾಳಗಳಲ್ಲಿ ರಕ್ತದ ಓಡಾಟ ಜೋರಾಗಿರುವುದೂ ಅದೇ ವಯಸ್ಸಿನಲ್ಲಿ. ಮೊನ್ನೆಯವರೆಗೆ ಮೈದಾನದಲ್ಲಿ ಆಡುತ್ತಿದ್ದ, ಸಕ್ಕರೆ ಕಾಯಿಲೆಯಾಗಲಿ ಬೇರೆ ಯಾವ ರೋಗವಾಗಲಿ ಇಲ್ಲದ ಹುಡುಗನಿಗೇ ಇದು ಬರುತ್ತದೆ. ಗಟ್ಟಿ ಮೈಯ ಹುಡುಗ, ತಾನೇ ಸುಧಾರಿಸಿಕೊಳ್ಳುತ್ತಾನೆ ಎಂದು ಮನೆಯವರು ನಂಬುವುದೂ ಅದಕ್ಕೇ.

ಹಣೆಯ ಮೇಲಿನ ಮೆತ್ತನೆಯ ಬಾವು ಎಂದರೆ ಸೋಂಕು ಎಲುಬಿಗೇ ಹತ್ತಿ, ಹೊರಗಿನ ಪೊರೆಯ ಕೆಳಗೆ ಕೀವು ಸೇರಿದೆ ಎಂದು. ಬೆರಳಿನಿಂದ ಒತ್ತಿದರೆ ನಾದಿದ ಹಿಟ್ಟಿನಂತೆ ಗುಳಿ ಬೀಳುತ್ತದೆ. 18ನೇ ಶತಮಾನದಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇದನ್ನು ವರ್ಣಿಸಿದ್ದರಿಂದ ರಿಪೋರ್ಟಿನಲ್ಲಿ ಇಂದಿಗೂ ‘ಪಾಟ್ಸ್ ಪಫಿ ಟ್ಯೂಮರ್’ ಎಂದು ಬರೆಯುತ್ತಾರೆ. ಟ್ಯೂಮರ್ ಎಂದು ಓದಿ ಎದೆ ಒಡೆದುಕೊಳ್ಳಬೇಡಿ, ಇದು ಕ್ಯಾನ್ಸರ್ ಅಲ್ಲ. ಆದರೆ ಹೊರಗೆ ಈ ಬಾವು ಕಂಡ ಮಕ್ಕಳಲ್ಲಿ ಒಳಗೂ ಕೀವು ಇರುವುದು ತೀರ ಸಾಮಾನ್ಯ.

ಬಾವು ಇಳಿಯಿತಲ್ಲ, ಜ್ವರ ಹೋಯಿತಲ್ಲ ಎಂದು ಕೇಳುತ್ತೀರಿ. ಇಲ್ಲಿಯೇ ಜನ ಮೋಸ ಹೋಗುವುದು. ನಮ್ಮ ಕಡೆ ಜ್ವರ, ಬಾವು ಎಂದರೆ ಒಂದು ನೋವಿನ ಸೂಜಿ, ಒಂದು ಡೆಕ್ಸಾಮೆಥಾಸೋನ್, ಒಂದು ಆ್ಯಂಟಿಬಯಾಟಿಕ್ ಮಾಡಿ ಕಳಿಸುವ ರೂಢಿ ಇದೆ. ನಿಮ್ಮ ಮಗನಿಗೆ ಯಾವುದು ಮಾಡಿದರು ಎಂಬುದು ಚೀಟಿ ನೋಡಿದರೆ ಗೊತ್ತಾಗುತ್ತದೆ. ನೋವಿನ ಸೂಜಿ ಜ್ವರ ಇಳಿಸುತ್ತದೆ. ಡೆಕ್ಸಾ ಸ್ಟೀರಾಯ್ಡ್, ಅದು ಹಣೆಯ ಬಾವನ್ನೂ ಮಿದುಳಿನ ಊತವನ್ನೂ ಒಂದೆರಡು ದಿನ ಇಳಿಸಿ ಹುಡುಗ ಹುಷಾರಾದಂತೆ ತೋರಿಸುತ್ತದೆ. ಕೀವು ಮಾತ್ರ ಇದ್ದಲ್ಲೇ ಇರುತ್ತದೆ, ಅದರ ವಿರುದ್ಧ ಹೋರಾಡುವ ಮೈಯ ಶಕ್ತಿಯೂ ಕುಗ್ಗುತ್ತದೆ. ಸೂಜಿಯ ಪ್ರಭಾವ ಇಳಿದ ಮೇಲೆ ಜ್ವರವಿಲ್ಲದೆಯೇ ವಾಂತಿ, ಮಂಪರು ಶುರುವಾದರೆ ತಲೆಯೊಳಗಿನ ಒತ್ತಡ ಏರುತ್ತಿದೆ ಎಂದು ಅರ್ಥ.

ಆ್ಯಂಟಿಬಯಾಟಿಕ್ಕಿನ ಲೆಕ್ಕವೂ ಇದೆ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಸೂಜಿ ಒಳ್ಳೆಯ ಔಷಧ, ಆದರೆ ದಿನಕ್ಕೊಂದು ಸಲ 1 ಗ್ರಾಂ ಮಾಡಿದರೆ ಅದು ನ್ಯುಮೋನಿಯಾದಂಥ ಸೋಂಕಿಗೆ ಆದೀತು, ಮಿದುಳಿಗೆ ಸಾಲದು. ರಕ್ತದಿಂದ ಮಿದುಳಿಗೆ ಔಷಧ ಸಲೀಸಾಗಿ ದಾಟುವುದಿಲ್ಲ. ತಲೆಯೊಳಗಿನ ಸೋಂಕಿಗೆ ದೊಡ್ಡವರಿಗೆ 12 ತಾಸಿಗೊಮ್ಮೆ 2 ಗ್ರಾಂ, ಮಕ್ಕಳಿಗೆ ದಿನಕ್ಕೆ ಕೆಜಿಗೆ 100 ಮಿಲಿಗ್ರಾಂ (ಒಟ್ಟು 4 ಗ್ರಾಂ ಮೀರದಂತೆ) ಬೇಕು. ಅದೊಂದೇ ಇದ್ದರೂ ಸಾಲದು. ಈ ಕೀವಿನಲ್ಲಿ ಸ್ಟ್ರೆಪ್ಟೋಕಾಕಸ್ ಆ್ಯಂಜಿನೋಸಸ್ ಗುಂಪಿನ ರೋಗಾಣುಗಳ ಜೊತೆಗೆ ಗಾಳಿಯಿಲ್ಲದೆ ಬದುಕುವ ಬಗೆಗಳೂ ಬೆರೆತಿರುತ್ತವೆ, ಅವಕ್ಕೆ ಮೆಟ್ರೋನಿಡಜೋಲ್ ಸೇರಿಸಬೇಕು. ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವಿನ ಅನುಮಾನವಿದ್ದರೆ ವ್ಯಾಂಕೊಮೈಸಿನ್ ಕೂಡ.

ಒಳಗೆ ಕೀವು ಎಲ್ಲಿ ನಿಂತಿದೆ ಎಂಬುದರ ಮೇಲೆ ಕಾಯಿಲೆಯ ನಡೆ ಬದಲಾಗುತ್ತದೆ. ಎಲುಬು ಮತ್ತು ದಪ್ಪ ಹೊದಿಕೆಯ ನಡುವೆ ನಿಂತರೆ ನಿಧಾನ: ವಾರಗಟ್ಟಲೆ ಬರಿ ತಲೆನೋವು, ಸಣ್ಣ ಜ್ವರ. ಹೊದಿಕೆ ದಾಟಿ ಒಳಗೆ ಹೋದರೆ ತಡೆಯುವ ಗೋಡೆಯೇ ಇಲ್ಲ. ಕೀವು ಮಿದುಳಿನ ಮೇಲ್ಮೈ ತುಂಬ ತೆಳ್ಳಗೆ ಹರಡುತ್ತದೆ, ಒಂದೆರಡು ದಿನಗಳಲ್ಲೇ, ಒಮ್ಮೊಮ್ಮೆ ತಾಸುಗಳಲ್ಲೇ, ಫಿಟ್ಸ್, ಒಂದು ಮಗ್ಗುಲಿನ ಶಕ್ತಿ ಹೋಗುವುದು, ಪ್ರಜ್ಞೆ ತಪ್ಪುವುದು. ಸಬ್‌ಡ್ಯೂರಲ್ ಎಂಪೈಮಾ ಎಂಬ ಇದು ಆ್ಯಂಟಿಬಯಾಟಿಕ್ ಬರುವ ಮುಂಚೆ ಬಹುತೇಕ ಸಾವೇ ಆಗಿತ್ತು. ಇವತ್ತು ಉಳಿಯುತ್ತಾರೆ, ಆದರೆ ಆಪರೇಷನ್ ಟೇಬಲ್ಲಿಗೆ ಎಚ್ಚರವಿರುವಾಗ ಬಂದವರಿಗೂ ಪ್ರಜ್ಞೆ ತಪ್ಪಿ ಬಂದವರಿಗೂ ಫಲಿತಾಂಶದಲ್ಲಿ ಅಜಗಜಾಂತರ. ನಿಮಗೆ ಇಂದೇ ಎಂದು ಒತ್ತಿ ಹೇಳುತ್ತಿರುವುದು ಈ ಒಂದು ಸಂಶಯಕ್ಕಾಗಿ.

ಮಿದುಳಿನ ಒಳಗೇ ಕುರುವಾದರೆ ಮೊದಲ ಎಂಟೊಂಬತ್ತು ದಿನ ಅದು ಬರಿ ಊದಿದ ಭಾಗ. ಎರಡು ವಾರಗಳ ಹೊತ್ತಿಗೆ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಹಣೆಯ ಹಿಂದಿನ ಮಿದುಳಿನಲ್ಲಿ ಆದದ್ದು ಸದ್ದಿಲ್ಲದೆ ಬೆಳೆಯುತ್ತದೆ. ಕೈಕಾಲು ಚೆನ್ನಾಗಿಯೇ ಇರುತ್ತವೆ, ಸ್ವಭಾವ ಕೆಡುತ್ತದೆ. ಚುರುಕಾಗಿದ್ದವನು ಮಂಕಾಗುತ್ತಾನೆ, ಸುಮ್ಮನೆ ಸಿಟ್ಟಾಗುತ್ತಾನೆ, ಹಾಸಿಗೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. ಪರೀಕ್ಷೆಯ ಹೆದರಿಕೆ ಎಂದು ಒಬ್ಬರು, ಗಾಳಿ ಸೋಂಕಿದೆ ಎಂದು ಇನ್ನೊಬ್ಬರು. ನೆಗಡಿ, ತಲೆನೋವಿನ ಬೆನ್ನಿಗೆ ಸ್ವಭಾವ ಬದಲಾದ ಮಗುವಿಗೆ ಅಂತ್ರ ಕಟ್ಟಿಸುವ ಮೊದಲು, ಮನೋವೈದ್ಯರ ಬಳಿ ಒಯ್ಯುವ ಮೊದಲೂ, ತಲೆಯ ಸ್ಕ್ಯಾನ್ ಆಗಬೇಕು.

ಸ್ಕ್ಯಾನಿನಲ್ಲೂ ಎಡವುವ ಜಾಗಗಳಿವೆ. ಸೈನಸ್ಸಿನ ಎಕ್ಸ್‌ರೇ ಇಲ್ಲಿ ಕೆಲಸಕ್ಕೆ ಬಾರದು, ಅದಕ್ಕೆ ಹಣ, ಹೊತ್ತು ಎರಡೂ ದಂಡ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಇಲ್ಲದೆ ಮಾಡಿದ ಸಾದಾ ಸಿಟಿ ಶುರುವಿನಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣಬಹುದು. ಮಿದುಳಿನ ಮೇಲೆ ಹರಡಿದ ತೆಳು ಕೀವು ಅದರಲ್ಲಿ ಕಣ್ತಪ್ಪುವುದು ಸುಲಭ. ರಾತ್ರಿ ಸಿಟಿ ಮಾತ್ರ ಸಿಗುವುದಾದರೆ ನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು, ಮಿದುಳು, ಸೈನಸ್, ಕಣ್ಣಿನ ಗೂಡು ಮೂರೂ ಬರುವಂತೆ ಮಾಡಿಸಬೇಕು. ಎಲ್ಲಕ್ಕಿಂತ ಮೇಲು ಕಾಂಟ್ರಾಸ್ಟ್ ಎಂಆರ್‌ಐ. ಅದರ ಡಿಫ್ಯೂಷನ್ ಚಿತ್ರಗಳಲ್ಲಿ ಕೀವು ಬೆಳ್ಳಗೆ ಹೊಳೆಯುತ್ತದೆ. ಜೊತೆಗೆ ಎಂಆರ್ ವೀನೋಗ್ರಾಂ ಮಾಡಿದರೆ ಮಿದುಳಿನ ದೊಡ್ಡ ರಕ್ತನಾಳಗಳಲ್ಲಿ ಹೆಪ್ಪು ಇದೆಯೇ ಎಂಬುದೂ ತಿಳಿಯುತ್ತದೆ. ಸಿಟಿ ನಾರ್ಮಲ್ ಎಂದು ಬಂದರೂ ಹುಡುಗ ಇನ್ನೂ ಮಂಪರಿನಲ್ಲಿದ್ದರೆ ಮನೆಗೆ ಕರೆತರಬೇಡಿ, ಎಂಆರ್‌ಐ ಕೇಳಿ. ಮತ್ತೆ, ಮೆನಿಂಜೈಟಿಸ್ ಎಂದುಕೊಂಡು ಸ್ಕ್ಯಾನ್ ಇಲ್ಲದೆ ಬೆನ್ನಿನಿಂದ ನೀರು ತೆಗೆಯಬಾರದು. ತಲೆಯೊಳಗೆ ಕೀವು ಒತ್ತುತ್ತಿರುವಾಗ ಕೆಳಗಿನಿಂದ ಒತ್ತಡ ಇಳಿಸಿದರೆ ಮಿದುಳು ಕೆಳಕ್ಕೆ ಜಾರಿ ಪ್ರಾಣಕ್ಕೆ ಸಂಚಕಾರ.

ಕೀವು ಇದೆ ಎಂದು ಖಾತ್ರಿಯಾದರೆ ಎರಡು ಆಪರೇಷನ್ ಒಟ್ಟಿಗೇ ಅಥವಾ ಬೆನ್ನುಬೆನ್ನಿಗೆ ಆಗಬಹುದು. ಮಿದುಳಿನ ವೈದ್ಯರು ತಲೆಬುರುಡೆಯಲ್ಲಿ ರಂಧ್ರ ಮಾಡಿಯೋ ಎಲುಬಿನ ತುಂಡು ತೆರೆದೋ ಕೀವು ತೆಗೆಯುತ್ತಾರೆ. ಇಎನ್‌ಟಿಯವರು ಮೂಗಿನ ಮೂಲಕ ದುರ್ಬೀನು ಹಾಕಿ ಸೈನಸ್ಸಿನ ಬಾಯಿ ಬಿಡಿಸುತ್ತಾರೆ. ಮೂಲ ಹಾಗೇ ಬಿಟ್ಟು ಮೇಲಿನ ಕೀವು ಮಾತ್ರ ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ. ಮಿದುಳೊಳಗಿನ ಕುರು ಎರಡೂವರೆ ಸೆಂಟಿಮೀಟರಿಗಿಂತ ಚಿಕ್ಕದಿದ್ದು ಹುಡುಗ ಎಚ್ಚರವಾಗಿದ್ದರೆ ಬರಿ ಔಷಧದಲ್ಲೇ ನೋಡುವುದೂ ಉಂಟು, ಆ ತೀರ್ಮಾನ ಸ್ಕ್ಯಾನ್ ಕಂಡ ವೈದ್ಯರದು. ಆಮೇಲೆ ನಾಳದ ಮೂಲಕ ಆ್ಯಂಟಿಬಯಾಟಿಕ್, ಸಾಮಾನ್ಯವಾಗಿ 4ರಿಂದ 6 ವಾರ, ಎಲುಬಿಗೆ ಸೋಂಕಿದ್ದರೆ ಇನ್ನೂ ಹೆಚ್ಚು.

ಹತ್ತನೇ ದಿನಕ್ಕೆ ಹುಡುಗ ಎದ್ದು ಕೂತು ಉಣ್ಣತೊಡಗಿದಾಗ ಮನೆಗೆ ಹೋಗುವ ಅವಸರ ಶುರುವಾಗುತ್ತದೆ. ಹೊಲದ ಕೆಲಸ, ಜೊತೆಗಿದ್ದವರ ಕೂಲಿ, ಎಲ್ಲ ಅರ್ಥವಾಗುವಂಥದ್ದೇ. ಆದರೆ ಅರ್ಧಕ್ಕೆ ಬಿಟ್ಟರೆ ಕೀವು ಮರಳುತ್ತದೆ, ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟ. ಉಳಿದ ವಾರಗಳ ಸೂಜಿಯನ್ನು ಗದಗಿನಲ್ಲೋ ತಾಲೂಕು ಆಸ್ಪತ್ರೆಯಲ್ಲೋ ಮುಂದುವರಿಸಲು ಆಗುತ್ತದೆಯೇ ಎಂದು ಕೇಳಿ, ಡೋಸು ಮತ್ತು ಮುಗಿಯುವ ತಾರೀಖು ಬರೆಸಿಕೊಳ್ಳಿ. ಮರು ಸ್ಕ್ಯಾನ್ ತಪ್ಪಿಸಬೇಡಿ. ಫಿಟ್ಸ್ ಗುಳಿಗೆಯನ್ನು ಹುಷಾರಾದ ಎಂದು ನೀವೇ ನಿಲ್ಲಿಸಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಬಗ್ಗೆ ದಾಖಲಾಗುವಾಗಲೇ ವಿಚಾರಿಸಿ, ಹುಡುಗನ ಆಧಾರ್ ಮತ್ತು ರೇಷನ್ ಕಾರ್ಡ್ ಒಯ್ಯಿರಿ. ಪರೀಕ್ಷೆಯ ಚಿಂತೆ ಬಿಡಿ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಡ್‌ಮಾಸ್ತರರಿಗೆ ವಿಷಯ ತಿಳಿಸಿದರೆ ಮುಂದಿನದಕ್ಕೆ ಏನು ಮಾಡಬೇಕೆಂದು ಅವರೇ ಹೇಳುತ್ತಾರೆ.

ಇದನ್ನು ಓದುವ ಉಳಿದವರು, ಹತ್ತು ವರ್ಷಗಳಿಂದ ಸೈನಸ್ ಇದೆ ಎನ್ನುವವರು, ಹೆದರಿ ಸ್ಕ್ಯಾನಿಗೆ ಓಡಬೇಕಿಲ್ಲ. ವರ್ಷಗಟ್ಟಲೆ ಬಂದು ಹೋಗುವ, ಬಿಸಿಲಿಗೆ ಹೋದರೆ, ಊಟ ತಪ್ಪಿದರೆ ಏಳುವ, ಬೆಳಕು-ಸದ್ದು ಸಹಿಸದಂತೆ ಮಾಡುವ ತಲೆನೋವನ್ನು ಜನ ಸೈನಸ್ ಅನ್ನುತ್ತಾರೆ, ಅದರಲ್ಲಿ ಬಹುಪಾಲು ಮೈಗ್ರೇನ್. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಚೀಲ ಹೊರುವವರ, ಹತ್ತಿ ಜಿನ್ನಿಂಗಿನಲ್ಲಿ ದುಡಿಯುವವರ ಮೂಗು ಘಾಟಿಗೆ, ಧೂಳಿಗೆ ಸದಾ ಕಟ್ಟಿರುತ್ತದೆ. ಅದು ತೊಂದರೆಯೇ, ಮುಖಕ್ಕೆ ಬಟ್ಟೆ, ಮೂಗಿಗೆ ಸ್ಪ್ರೇ ಬೇಕು, ಆದರೆ ಅದೇ ಮಿದುಳಿಗೆ ಹೋಗುವ ಸೋಂಕಲ್ಲ. ಎಷ್ಟು ವರ್ಷದಿಂದ ಇದೆ ಎಂಬುದು ಮುಖ್ಯವಲ್ಲ. ಈ ಸಲದ ನೆಗಡಿ ಹೇಗೆ ನಡೆಯಿತು ಎಂಬುದನ್ನು ನೋಡಿ.

ಸಾದಾ ನೆಗಡಿ ವೈರಸ್ಸಿನದು, ವಾರ-ಹತ್ತು ದಿನಕ್ಕೆ ಇಳಿಯುತ್ತದೆ, ಸುಂಬಳ ಹಳದಿಯಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಡ. ಹತ್ತು ದಿನ ದಾಟಿದರೂ ಒಂದಿಷ್ಟೂ ಇಳಿಯದಿದ್ದರೆ, ಅಥವಾ ಮೊದಲ ಮೂರು-ನಾಲ್ಕು ದಿನವೇ 102 ಡಿಗ್ರಿ ಜ್ವರ, ಕೀವಿನಂಥ ಸುಂಬಳ, ಮುಖನೋವು ಇದ್ದರೆ, ಅಥವಾ ಐದಾರು ದಿನಕ್ಕೆ ಕಡಿಮೆಯಾಗಿ ಮತ್ತೆ ಜ್ವರ-ತಲೆನೋವು ಮರುಕಳಿಸಿದರೆ ಬ್ಯಾಕ್ಟೀರಿಯಾ ಸೇರಿದೆ ಎಂದು ತಿಳಿಯಬಹುದು. ಆಗ ವೈದ್ಯರು ಬರೆಯುವ ಮೊದಲ ಔಷಧ ಸಾಮಾನ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ದೊಡ್ಡವರಿಗೆ 5ರಿಂದ 7 ದಿನ, ಮಕ್ಕಳಿಗೆ 10ರಿಂದ 14 ದಿನ. ಅಂಗಡಿಯವರು ಕೈಗಿಡುವ ಮೂರು ದಿನದ ಅಜಿಥ್ರೊಮೈಸಿನ್ ಇದಕ್ಕೆ ಸರಿಯಾದ ಆಯ್ಕೆಯಲ್ಲ, ಈ ರೋಗಾಣುಗಳಲ್ಲಿ ಅನೇಕ ಅದಕ್ಕೆ ಬಗ್ಗುವುದಿಲ್ಲ. ಎರಡು-ಮೂರು ದಿನ ಸರಿಯಾದ ಔಷಧ ತೆಗೆದುಕೊಂಡರೂ ಇಳಿಯದಿದ್ದರೆ ಅದೇ ಗುಳಿಗೆಯನ್ನು ಇನ್ನೊಂದು ಪಟ್ಟಿ ನುಂಗುವುದಲ್ಲ, ಮರಳಿ ತೋರಿಸುವುದು. ಮೂಗು ಬಿಡಿಸುವ ಕ್ಸೈಲೊಮೆಟಜೋಲಿನ್ ಹನಿಯನ್ನು ಐದು ದಿನಕ್ಕಿಂತ ಹೆಚ್ಚು ಹಾಕಬಾರದು, ಆಮೇಲೆ ಹನಿಯೇ ಮೂಗು ಕಟ್ಟಿಸುತ್ತದೆ.

ಉಪ್ಪು ನೀರಿನಿಂದ ಮೂಗು ತೊಳೆಯುವುದು ಒಳ್ಳೆಯದೇ: ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಸಪಾಟಾದ ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ದಿನಗಟ್ಟಲೆ ಸಂಪಿನಲ್ಲಿ ನಿಂತ ನೀರನ್ನು, ಕೆರೆ-ಬಾವಿಯ ನೀರನ್ನು ಹಾಗೇ ಮೂಗಿಗೆ ಏರಿಸಬೇಡಿ. ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾ ನೇಗ್ಲೇರಿಯಾ ಒಳಹೊಗುವ ದಾರಿ ಮೂಗೇ, ಕುಡಿದರೆ ಬರುವುದಿಲ್ಲ. ಒಂದು ನಿಮಿಷ ಕುದಿ ಬರಿಸಿ ಆರಿಸಿದರೆ ಸಾಕು.

ಇನ್ನೆರಡು ಮಾತು. ಕಣ್ಣುಗಳ ಹಿಂದಿನ ಸೈನಸ್ ಕೆಟ್ಟರೆ ಮೂಗಿನಲ್ಲಿ ಏನೂ ಕಾಣದಿರಬಹುದು, ನೆತ್ತಿಯಲ್ಲೋ ಕಣ್ಣಿನ ಹಿಂದೆಯೋ ಆಳವಾದ ನೋವು, ರಾತ್ರಿ ಹೆಚ್ಚು, ನೋವಿನ ಗುಳಿಗೆಗೆ ಜಗ್ಗದು. ಅದರ ಪಕ್ಕದಲ್ಲೇ ಕ್ಯಾವರ್ನಸ್ ಸೈನಸ್ ಎಂಬ ರಕ್ತದ ಕೊಳವಿದೆ, ಕಣ್ಣು ಆಡಿಸುವ ನರಗಳು ಅದರ ಮೂಲಕವೇ ಹಾಯುತ್ತವೆ. ಒಂದು ವಸ್ತು ಎರಡಾಗಿ ಕಂಡರೆ, ಕಣ್ಣು ಹೊರಗಡೆ ತಿರುಗದಿದ್ದರೆ, ರೆಪ್ಪೆ ಬಾತು ಕಣ್ಣು ಮುಂದಕ್ಕೆ ಬಂದರೆ, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಡಿದರೆ ಕಣ್ಣಿನ ಹನಿ ಹಾಕಿಕೊಂಡು ಕೂರುವುದಲ್ಲ, ಅದು ದಾಖಲಾಗುವ ಕಾಯಿಲೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸುಂಬಳ ಬಂದರೆ ಮೇಲ್ದವಡೆಯ ಹಲ್ಲು ತೋರಿಸಿ. ದವಡೆಹಲ್ಲಿನ ಬೇರು ಕೆನ್ನೆಯ ಸೈನಸ್ಸಿನ ನೆಲಕ್ಕೆ ತಾಗಿಕೊಂಡಿರುತ್ತದೆ. ಹಲ್ಲು ಸರಿ ಮಾಡಿಸದೆ ಸೈನಸ್ಸಿಗೆ ಎಷ್ಟು ಔಷಧ ಕೊಟ್ಟರೂ ಅದು ಮರಳುತ್ತದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಲೆಕ್ಕ ಬೇರೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕಂಡ ಕಪ್ಪು ಶಿಲೀಂಧ್ರ ಅದಕ್ಕೂ ಮುಂಚೆ ಇತ್ತು, ಈಗಲೂ ಇದೆ. ಅದು ರಕ್ತನಾಳಗಳನ್ನೇ ಮುಚ್ಚಿ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ದಿನಗಳಲ್ಲಿ ಹೋಗುತ್ತದೆ. ಆ್ಯಂಟಿಬಯಾಟಿಕ್ಕಿಗೆ ಅದು ಸಾಯುವುದಿಲ್ಲ, ಆಂಫೊಟೆರಿಸಿನ್ ಬಿ ಬೇಕು, ಸತ್ತ ಭಾಗವನ್ನು ಆಪರೇಷನ್ ಮಾಡಿ ತೆಗೆಯಬೇಕು, ಸಕ್ಕರೆ ಇಳಿಸಬೇಕು. ಸಕ್ಕರೆ 300ರ ಮೇಲಿರುವವರಿಗೆ ಕೆನ್ನೆ ಮರಗಟ್ಟಿದರೆ, ಹಲ್ಲು ಸಡಿಲವಾದರೆ, ಮೂಗಿನಲ್ಲೋ ಬಾಯಿಯ ಅಂಗುಳದಲ್ಲೋ ಕಪ್ಪು ಹಕ್ಕಳೆ ಕಂಡರೆ ಆ ರಾತ್ರಿಯೇ ಇಎನ್‌ಟಿ ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೂಗಿನೊಳಗಿನ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂದೇ ಗೊತ್ತಾಗುತ್ತದೆ.